ಗಾಜು ಬೇಡಿದ ಬೆಳಕು



ಆಪ್ಟಿಕಲ್ ಫೈಬರ್ ಅಂದಕೂಡಲೇ ನಾವೆಲ್ಲ ಗಾಜಿನ ಎಳೆಯ ಮಾತಾಡುತ್ತೇವೆ. ಅದಕ್ಕೆ ಕಾರಣವೂ ಇದೆ. 1966ರಲ್ಲಿ ಇಂಗ್ಲೆಂಡಿನ ಹಾರ್ಲೊ ಪಟ್ಟಣದ ಪ್ರಯೋಗಾಲಯವೊಂದರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕಮ್, ಗಾಜಿನೊಳಗಿನ ಕಲ್ಮಶವನ್ನು ತೆಗೆದರೆ ಬೆಳಕನ್ನು ದೂರಕ್ಕೆ ಕಳಿಸಬಹುದು ಎಂದು ಲೆಕ್ಕ ಹಾಕಿ ತೋರಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ರಾಬರ್ಟ್ ಮೌರರ್, ಡೊನಾಲ್ಡ್ ಕೆಕ್ ಮತ್ತು ಪೀಟರ್ ಶುಲ್ಟ್ಜ್ ಅಂಥ ಗಾಜನ್ನು ಎಳೆದು ಕೈಗಿತ್ತರು. 2009ರಲ್ಲಿ ಕಾವೊ ಅವರಿಗೆ ನೊಬೆಲ್ ಬಂತು. ಈ ಕಥೆ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಆ ಎಳೆಯ ತುದಿಯಲ್ಲಿ ಕೂತು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಬೆಳಗಿ ಆರುವ ದೀಪದ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಇವತ್ತಿನ ನನ್ನ ವಿಷಯ ಅದು.

ನಮ್ಮ ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿ ಈ ದೀಪಕ್ಕೆ ಸಿಗುವುದು ಒಂದು ಅಧ್ಯಾಯ. ಪರೀಕ್ಷೆಗೆ ಬರುವುದು ಅದರೊಳಗಿನ ಒಂದು ಕೋಷ್ಟಕ. ಎಡಗಡೆ ಎಲ್‌ಇಡಿ, ಬಲಗಡೆ ಲೇಸರ್, ನಡುವೆ ಹತ್ತು ವ್ಯತ್ಯಾಸ. ಅದನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಅಂಕ ಬರುತ್ತದೆ. ಆದರೆ 850 ನ್ಯಾನೋಮೀಟರಿನ ದೀಪವಿದ್ದ ಕಡೆ 1310 ಯಾಕೆ ಬಂತು, ಅದೂ ಸಾಲದೆ 1550 ಯಾಕೆ ಬೇಕಾಯಿತು ಎಂಬುದು ಆ ಕೋಷ್ಟಕದಿಂದ ತಿಳಿಯುವುದಿಲ್ಲ. ನನ್ನ ವಾದ ಇಷ್ಟು. ಪ್ರತಿ ಸಲವೂ ಗಾಜು ಕೇಳಿತು, ದೀಪ ತನ್ನನ್ನು ಬದಲಿಸಿಕೊಂಡಿತು. ಹಾಗೆ ಬದಲಾಗುವಾಗೆಲ್ಲ ಬೆಳಕು ಹೊತ್ತಿಸುವುದು ಅಷ್ಟು ಕಷ್ಟವಾಗಲಿಲ್ಲ. ಹೊತ್ತಿದ್ದನ್ನು ವರ್ಷಗಟ್ಟಲೆ ಆರದಂತೆ ಇಡುವುದು ಕಷ್ಟವಾಯಿತು.

ಗಾಜು ಏನು ಕೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಒಂಟಿ ಪಥದ ಫೈಬರ್‌ನಲ್ಲಿ ಬೆಳಕು ಹರಿಯುವ ತಿರುಳಿನ ವ್ಯಾಸ ಸುಮಾರು 9 ಮೈಕ್ರಾನ್. ಅಷ್ಟು ಚಿಕ್ಕ ಬಾಯೊಳಗೆ ಬೆಳಕನ್ನು ತುಂಬಬೇಕೆಂದರೆ ದೀಪವೂ ಅಷ್ಟೇ ಚಿಕ್ಕದಿರಬೇಕು, ಅದರ ಬೆಳಕು ದಿಕ್ಕಾಪಾಲಾಗಿ ಚೆಲ್ಲಬಾರದು. ದೂರವಾಣಿ ಕೇಂದ್ರದ ಸಾಮಾನ್ಯ ವಿದ್ಯುತ್ತಿನಲ್ಲಿ ಅದು ಉರಿಯಬೇಕು. ಎಷ್ಟು ಬೇಗ ಕರೆಂಟು ಏರಿಳಿಯುತ್ತದೋ ಅಷ್ಟೇ ಬೇಗ ಬೆಳಕೂ ಏರಿಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗಾಜು ಹೀರದ, ಚದುರಿಸದ ಬಣ್ಣದಲ್ಲೇ ಅದು ಬೆಳಗಬೇಕು. ಗಾಜಿನೊಳಗಿನ ರೇಲೀ ಚದರಿಕೆ ಅಲೆಯುದ್ದದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. 850 ನ್ಯಾನೋಮೀಟರಿನಿಂದ 1550ಕ್ಕೆ ಹೋದರೆ ಚದರಿಕೆ ಹನ್ನೊಂದನೇ ಒಂದು ಪಾಲಿಗೆ ಬಂದು ನಿಲ್ಲುತ್ತದೆ. 1600 ದಾಟಿದರೆ ಗಾಜಿನ ಅಣುಗಳೇ ಬೆಳಕನ್ನು ಹೀರತೊಡಗುತ್ತವೆ. ಇವೆರಡರ ನಡುವಿನ ತಗ್ಗು 1550ರ ಆಸುಪಾಸಿನಲ್ಲಿದೆ. ಅಲ್ಲಿ ನಷ್ಟ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್. ಕಾವೊ 1966ರಲ್ಲಿ ಕೇಳಿದ್ದು ಕಿಲೋಮೀಟರಿಗೆ 20 ಡೆಸಿಬೆಲ್, ಅಂದರೆ ಒಂದು ಕಿಲೋಮೀಟರ್ ಆಚೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೆ ಸಾಕು ಎಂದು. ಇವತ್ತು ಅದೇ ನೂರರಲ್ಲಿ ಒಂದು ಪಾಲು ನೂರು ಕಿಲೋಮೀಟರ್ ಆಚೆ ಉಳಿದಿರುತ್ತದೆ.

ಇವು ಯಾವುವೂ ಕಣ್ಣಿಗೆ ಕಾಣುವ ಬಣ್ಣಗಳಲ್ಲ. ಮನೆಯ ಇಂಟರ್ನೆಟ್ ಡಬ್ಬಿಯಲ್ಲಿ ಎಲ್‌ಓಎಸ್ ಎಂಬ ಕೆಂಪು ದೀಪ ಮಿನುಗಿದರೆ, ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ ಎಂದು ಅರ್ಥ. ಲೈನ್ ನೋಡಲು ಬರುವ ತಂತ್ರಜ್ಞರ ಕೈಯಲ್ಲಿರುವ ಕೆಂಪು ಬೆಳಕಿನ ಪೆನ್ನು, ಎಳೆ ಎಲ್ಲಿ ಮುರಿದಿದೆ ಎಂದು ಹುಡುಕಲಿಕ್ಕೆ ಮಾತ್ರ. ನಿಜವಾದ ಬೆಳಕು ಕಾಣುವುದಿಲ್ಲ, ಕಾಣದಿದ್ದರೂ ಕಣ್ಣಿಗೆ ಹಾನಿ ಮಾಡಬಲ್ಲದು. ಆದ್ದರಿಂದ ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರಿಗೆ ಒಂದು ಮಾತು: ಪವರ್ ಮೀಟರ್ ಇಟ್ಟು ನೋಡದೆ ಫೈಬರ್ ತುದಿಯನ್ನು ಕಣ್ಣಿನ ನೇರಕ್ಕೆ ಎಂದೂ ಹಿಡಿಯಬೇಡಿ.

ಇನ್ನು ದೀಪದ ವಿಷಯ. 1960ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಲಿಬುವಿನಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದರು. ಅದು ದೂರವಾಣಿಯ ಕೆಲಸಕ್ಕೆ ಒದಗುವಂಥದ್ದಾಗಿರಲಿಲ್ಲ. ಬೇಕಾಗಿದ್ದದ್ದು ಅರೆವಾಹಕದ ದೀಪ. ಅರೆವಾಹಕ ಡಯೋಡಿನೊಳಗೆ ಒಂದು ಕಡೆಯಿಂದ ಎಲೆಕ್ಟ್ರಾನು, ಇನ್ನೊಂದು ಕಡೆಯಿಂದ ರಂಧ್ರ, ಅಂದರೆ ಎಲೆಕ್ಟ್ರಾನು ಇಲ್ಲದ ಖಾಲಿ ಜಾಗ, ಬಂದು ಕೂಡಿದಾಗ ಶಕ್ತಿ ಬಿಡುಗಡೆಯಾಗುತ್ತದೆ. ಗ್ಯಾಲಿಯಂ ಆರ್ಸೆನೈಡ್‌ನಂಥ ವಸ್ತುವಿನಲ್ಲಿ ಆ ಶಕ್ತಿ ಬೆಳಕಾಗುತ್ತದೆ. ಸಿಲಿಕಾನ್‌ನಲ್ಲಿ ಎಲೆಕ್ಟ್ರಾನು ಮತ್ತು ರಂಧ್ರಗಳ ಸಂವೇಗ ಹೊಂದುವುದಿಲ್ಲವಾದ್ದರಿಂದ ಹೆಚ್ಚುಕಡಿಮೆ ಎಲ್ಲವೂ ಶಾಖವಾಗಿ ಹೋಗುತ್ತದೆ. ಇಡೀ ಎಲೆಕ್ಟ್ರಾನಿಕ್ಸ್ ಲೋಕವನ್ನು ಆಳುವ ಸಿಲಿಕಾನಿಗೆ ಬೆಳಕು ಕೊಡುವುದು ಬಾರದು. ಈ ಕೊರತೆ ಇವತ್ತಿಗೂ ನಮ್ಮನ್ನು ಕಾಡುತ್ತಿದೆ.

ಬೆಳಕಿನ ಬಣ್ಣವನ್ನು ಗೊತ್ತುಮಾಡುವುದು ಆ ವಸ್ತುವಿನ ಶಕ್ತಿ ಅಂತರ, ಅಂದರೆ ರಂಧ್ರವನ್ನು ಕೂಡುವಾಗ ಎಲೆಕ್ಟ್ರಾನು ಇಳಿಯುವ ಶಕ್ತಿಯ ಮೆಟ್ಟಿಲು. 1.24 ಅನ್ನು ಎಲೆಕ್ಟ್ರಾನ್ ವೋಲ್ಟ್ ಲೆಕ್ಕದ ಆ ಅಂತರದಿಂದ ಭಾಗಿಸಿದರೆ ಅಲೆಯುದ್ದ ಮೈಕ್ರಾನ್‌ಗಳಲ್ಲಿ ಸಿಗುತ್ತದೆ. ಗ್ಯಾಲಿಯಂ ಆರ್ಸೆನೈಡ್‌ನ ಅಂತರ 1.42, ಹಾಗಾಗಿ ಬೆಳಕು 870 ನ್ಯಾನೋಮೀಟರ್ ಹತ್ತಿರ. 1550 ಬೇಕಾದರೆ ಅಂತರ 0.8ಕ್ಕೆ ಇಳಿಯಬೇಕು. ಮುಂದಿನ ಕಥೆಯ ಅರ್ಧ ಭಾಗ ಈ ಒಂದು ಭಾಗಾಕಾರದಲ್ಲಿದೆ.

1962ರ ಜುಲೈಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಂದು ವಿಚಾರಗೋಷ್ಠಿ ನಡೆಯಿತು. ಗ್ಯಾಲಿಯಂ ಆರ್ಸೆನೈಡ್ ಡಯೋಡು ವಿದ್ಯುತ್ತನ್ನು ಬಹಳ ದಕ್ಷವಾಗಿ ಬೆಳಕಾಗಿಸುತ್ತದೆ ಎಂದು ಎಂಐಟಿಯ ಲಿಂಕನ್ ಪ್ರಯೋಗಾಲಯದವರು ಅಲ್ಲಿ ಹೇಳಿದರು. ಕೇಳುತ್ತಿದ್ದವರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ರಾಬರ್ಟ್ ಹಾಲ್ ಒಬ್ಬರು. ಸ್ಕೆನೆಕ್ಟಡಿಗೆ ಮರಳುವ ರೈಲಿನಲ್ಲೇ ಅವರು ಲೆಕ್ಕ ಶುರುಮಾಡಿದರು. ಹುಡುಗನಾಗಿದ್ದಾಗ ದೂರದರ್ಶಕ ಕಟ್ಟುವ ಹವ್ಯಾಸ ಅವರಿಗಿತ್ತು. ಗಾಜು ಉಜ್ಜಿ ಹೊಳಪು ಕೊಡುವ ಆ ಕೈಚಳಕ ಈಗ ನೆರವಿಗೆ ಬಂತು. ಡಯೋಡಿನ ಎರಡು ತುದಿಗಳನ್ನು ಕನ್ನಡಿಯಾಗುವಂತೆ ಉಜ್ಜಿದರು. ಸೆಪ್ಟೆಂಬರ್‌ನಲ್ಲಿ ಅದು ಲೇಸರ್ ಆಯಿತು. ಅದೇ ಶರತ್ಕಾಲದಲ್ಲಿ ಐಬಿಎಂ, ಲಿಂಕನ್ ಪ್ರಯೋಗಾಲಯ ಮತ್ತು ಜನರಲ್ ಎಲೆಕ್ಟ್ರಿಕ್‌ನವರೇ ಆದ ನಿಕ್ ಹಾಲೋನ್ಯಾಕ್ ಕೂಡ ಬೇರೆಬೇರೆಯಾಗಿ ಯಶಸ್ಸು ಕಂಡರು. ಆದರೆ ಈ ಲೇಸರ್‌ಗಳನ್ನು ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಅದ್ದಿಡಬೇಕಿತ್ತು. ಅಲ್ಲಿಯೂ ಕ್ಷಣಮಾತ್ರದ ಮಿಡಿತಗಳಾಗಿಯಷ್ಟೇ ಅವು ಬೆಳಗುತ್ತಿದ್ದವು. ಹೊರಗೆ ತೆಗೆದು ಸತತವಾಗಿ ಉರಿಸಲು ಹೋದರೆ ಬೇಕಾಗುವ ಕರೆಂಟಿನಲ್ಲಿ ಡಯೋಡೇ ಸುಟ್ಟುಹೋಗುತ್ತಿತ್ತು.

ಪರಿಹಾರ ಮರುವರ್ಷವೇ ಕಾಗದದ ಮೇಲೆ ಸಿಕ್ಕಿತು. ಕ್ಯಾಲಿಫೋರ್ನಿಯಾದಲ್ಲಿದ್ದ ಹರ್ಬರ್ಟ್ ಕ್ರೋಮರ್ ಮತ್ತು ಲೆನಿನ್‌ಗ್ರಾಡಿನ ಜೋರೆಸ್ ಆಲ್ಫೆರೊವ್, ರುಡಾಲ್ಫ್ ಕಜಾರಿನೊವ್ 1963ರಲ್ಲಿ ಒಬ್ಬರಿಗೊಬ್ಬರು ತಿಳಿಯದೆ ಒಂದೇ ಮಾತು ಹೇಳಿದರು: ಬೆಳಕು ಹುಟ್ಟುವ ಪದರವನ್ನು ತೀರ ತೆಳುವಾಗಿಸಿ, ಅದರ ಎರಡೂ ಮಗ್ಗುಲಿಗೆ ಹೆಚ್ಚು ಶಕ್ತಿ ಅಂತರದ ಬೇರೊಂದು ಅರೆವಾಹಕವನ್ನು ಕೂಡಿಸಿ. ಗದ್ದೆಗೆ ಎರಡೂ ಕಡೆ ಬದು ಹಾಕಿದರೆ ಕಡಿಮೆ ನೀರೂ ಹರಿದುಹೋಗದೆ ನಿಲ್ಲುವ ಹಾಗೆ, ಎಲೆಕ್ಟ್ರಾನು ಮತ್ತು ರಂಧ್ರಗಳು ನಡುವಿನ ತೆಳು ಪದರದಲ್ಲೇ ತುಂಬಿ ನಿಲ್ಲುತ್ತವೆ. ಹೊರ ಪದರಗಳ ವಕ್ರೀಭವನ ಸೂಚ್ಯಂಕ ಕಡಿಮೆಯಿರುವುದರಿಂದ ಬೆಳಕೂ ಅಲ್ಲೇ ಸೆರೆಯಾಗುತ್ತದೆ. ಒಂದೇ ಕಟ್ಟಿನಿಂದ ಎರಡು ಲಾಭ. ಕ್ರೋಮರ್ ಅವರ ಲೇಖನವನ್ನು ಮೊದಲು ಕಳಿಸಿದ ಪತ್ರಿಕೆ ತಿರಸ್ಕರಿಸಿತು, ಅದು ಬೇರೊಂದರಲ್ಲಿ ಅಚ್ಚಾಯಿತು. ಇಂಥ ಲೇಸರಿಗೆ ವ್ಯಾವಹಾರಿಕ ಉಪಯೋಗ ಇರಲಾರದು ಎಂಬ ಕಾರಣಕ್ಕೆ ಅದನ್ನು ಮಾಡಿ ನೋಡುವ ಅನುಕೂಲವೂ ಅವರಿಗೆ ಸಿಗಲಿಲ್ಲ. 2000ದಲ್ಲಿ ಈ ಕೆಲಸಕ್ಕಾಗಿಯೇ ಆಲ್ಫೆರೊವ್ ಮತ್ತು ಅವರು ನೊಬೆಲ್ ಹಂಚಿಕೊಂಡರು.

ಕಾಗದದ ಮೇಲಿನದ್ದು ಕೈಗೆ ಬರಲು ಏಳು ವರ್ಷ ಹಿಡಿಯಿತು. ಎರಡು ಬೇರೆ ಹರಳುಗಳನ್ನು ಪರಮಾಣು ಪರಮಾಣು ಹೊಂದುವ ಹಾಗೆ ಒಂದರ ಮೇಲೊಂದು ಬೆಳೆಸಬೇಕು. ಪರಮಾಣುಗಳ ಜೋಡಣೆಯಾದ ಜಾಲಕದ ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಸಂದಿನಲ್ಲಿ ದೋಷಗಳು ಹುಟ್ಟಿ ಬೆಳಕನ್ನು ನುಂಗುತ್ತವೆ. ಗ್ಯಾಲಿಯಂ ಆರ್ಸೆನೈಡ್‌ನ ಜಾಲಕ 5.653 ಆಂಗ್‌ಸ್ಟ್ರಮ್, ಅಲ್ಯೂಮಿನಿಯಂ ಆರ್ಸೆನೈಡ್‌ನದು 5.661. ಪ್ರಕೃತಿ ಇಷ್ಟು ಹತ್ತಿರದ ಜೋಡಿಯನ್ನು ಕೊಟ್ಟದ್ದು ದೊಡ್ಡ ಭಾಗ್ಯ. ಆದರೆ ಅಲ್ಯೂಮಿನಿಯಂ ಆರ್ಸೆನೈಡ್ ತೇವದ ಗಾಳಿಗೆ ಕೆಟ್ಟುಹೋಗುತ್ತದೆ, ಆದ್ದರಿಂದ ಪ್ರಯೋಜನವಿಲ್ಲ ಎಂದು ಎಲ್ಲರೂ ಅದನ್ನು ಬಿಟ್ಟಿದ್ದರು. ಲೆನಿನ್‌ಗ್ರಾಡಿನ ಐಯೋಫೆ ಸಂಸ್ಥೆಯ ಒಂದು ಮೇಜಿನ ಖಾನೆಯಲ್ಲಿ ಎರಡು ವರ್ಷ ಹಿಂದೆ ಮಾಡಿಟ್ಟಿದ್ದ ಮಿಶ್ರ ಹರಳುಗಳು ಬಿದ್ದಿದ್ದವು: ಅಲ್ಯೂಮಿನಿಯಂ, ಗ್ಯಾಲಿಯಂ, ಆರ್ಸೆನಿಕ್ ಮೂರೂ ಸೇರಿದವು. ಅವಕ್ಕೆ ಏನೂ ಆಗಿರಲಿಲ್ಲ. ಶುದ್ಧ ರೂಪದಲ್ಲಿ ನಿಲ್ಲದ ವಸ್ತು ಮಿಶ್ರಣದಲ್ಲಿ ನಿಲ್ಲುತ್ತದೆ ಎಂದು ಆಲ್ಫೆರೊವ್ ತಂಡಕ್ಕೆ ಗೊತ್ತಾದದ್ದು ಹೀಗೆ. ಅಲ್ಲಿಂದ ಮುಂದೆ ಓಟ. 1970ರ ವಸಂತದಲ್ಲಿ ಲೆನಿನ್‌ಗ್ರಾಡಿನಲ್ಲಿ, ಅದಾದ ಕೆಲವೇ ವಾರಗಳಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಜುವೊ ಹಯಾಶಿ ಮತ್ತು ಮಾರ್ಟನ್ ಪ್ಯಾನಿಶ್ ಅವರ ಕೈಯಲ್ಲಿ, ಕೊಠಡಿಯ ಸಾಮಾನ್ಯ ತಾಪದಲ್ಲಿ ಅರೆವಾಹಕ ಲೇಸರ್ ಸತತವಾಗಿ ಉರಿಯಿತು. ಕಾರ್ನಿಂಗ್‌ನ ಗಾಜು ಬಂದದ್ದೂ ಅದೇ ವರ್ಷ. ದೂರಸಂಪರ್ಕದ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಕಾಕತಾಳೀಯ ನನಗೆ ಗೊತ್ತಿಲ್ಲ.

ಹೆಚ್ಚಿನ ಪುಸ್ತಕಗಳು ಇಲ್ಲಿಗೆ ಕಥೆ ಮುಗಿಸಿ ಮುಂದಿನ ಅಧ್ಯಾಯಕ್ಕೆ ಹೋಗುತ್ತವೆ. ನನಗೆ ಮುಖ್ಯವಾಗಿ ಕಾಣುವ ಭಾಗ ಇಲ್ಲಿಂದಲೇ ಶುರುವಾಗುತ್ತದೆ. ಆ ಮೊದಲ ಲೇಸರ್‌ಗಳು ನಿಮಿಷಗಳಲ್ಲಿ, ಹೆಚ್ಚೆಂದರೆ ಗಂಟೆಗಳಲ್ಲಿ ಸಾಯುತ್ತಿದ್ದವು. ದೂರವಾಣಿ ಕಂಪನಿಗೆ ಬೇಕಾದದ್ದು ಹತ್ತಿಪ್ಪತ್ತು ವರ್ಷ ಉರಿಯುವ ದೀಪ. ಯಾಕೆ ಸಾಯುತ್ತವೆ ಎಂದು ಬೆಲ್ ಪ್ರಯೋಗಾಲಯದಲ್ಲಿ ಬಾರ್ನಿ ಡಿಲೋಚ್ ಮತ್ತು ಅವರ ಜೊತೆಗಾರರು ಹುಡುಕಿದರು. ಉರಿಯುತ್ತಿರುವ ಲೇಸರಿನೊಳಗನ್ನು ನೋಡುವ ಉಪಾಯ ಮಾಡಿಕೊಂಡಾಗ, ಬೆಳಗುವ ಪಟ್ಟಿಯ ಅಡ್ಡಕ್ಕೆ ಕಪ್ಪು ಗೆರೆಗಳು ಬೆಳೆಯುತ್ತಿರುವುದು ಕಂಡಿತು. 1973ರಲ್ಲಿ ಅದನ್ನು ವರದಿ ಮಾಡಿದರು. ಹರಳಿನ ಜಾಲಕದಲ್ಲಿ ಎಲ್ಲೋ ಒಂದು ಕಡೆ ಸಾಲು ತಪ್ಪಿರುತ್ತದೆ. ಅಲ್ಲಿಗೆ ಬಂದ ಎಲೆಕ್ಟ್ರಾನು ರಂಧ್ರವನ್ನು ಕೂಡಿದಾಗ ಬೆಳಕು ಹುಟ್ಟದೆ, ಆ ಶಕ್ತಿಯೆಲ್ಲ ಜಾಲಕಕ್ಕೇ ಪೆಟ್ಟಾಗಿ ಬೀಳುತ್ತದೆ. ಪೆಟ್ಟು ಬಿದ್ದಂತೆ ದೋಷ ಇನ್ನಷ್ಟು ಉದ್ದವಾಗುತ್ತದೆ, ಉದ್ದವಾದಷ್ಟೂ ಹೆಚ್ಚು ಎಲೆಕ್ಟ್ರಾನುಗಳನ್ನು ಎಳೆದುಕೊಳ್ಳುತ್ತದೆ. ದೀಪ ತನ್ನ ಉರಿಯಿಂದಲೇ ತನ್ನನ್ನು ಕೊಂದುಕೊಳ್ಳುತ್ತಿತ್ತು.

ಇದಕ್ಕೆ ಒಂದು ಮದ್ದು ಇರಲಿಲ್ಲ, ಹತ್ತಾರು ಸಣ್ಣ ಮದ್ದುಗಳು ಬೇಕಾದವು. ದೋಷ ಕಡಿಮೆಯಿರುವ ಹರಳನ್ನೇ ತಳಕ್ಕೆ ಆರಿಸಬೇಕು. ಪದರ ಬೆಳೆಸುವ ಕುಲುಮೆಯಿಂದ ಆಮ್ಲಜನಕವನ್ನು ಹೊರಗಿಡಬೇಕು. ಚಿಪ್ಪನ್ನು ತಾಮ್ರಕ್ಕೆ ಬೆಸೆಯುವಾಗ ಗಟ್ಟಿ ಬೆಸುಗೆ ಹರಳಿನ ಮೇಲೆ ಒತ್ತಡ ಹಾಕುತ್ತದೆಂದು ಮೆತ್ತಗಿನ ಇಂಡಿಯಂ ಬಳಸಬೇಕು. ಬೆಳಕು ಹೊರಡುವ ಮುಖಕ್ಕೆ ರಕ್ಷೆಯ ಲೇಪ ಕೊಡಬೇಕು. ಇವುಗಳಲ್ಲಿ ಒಂದೊಂದೂ ಪತ್ರಿಕೆಯ ತಲೆಬರಹಕ್ಕೆ ಬರುವ ಶೋಧವಲ್ಲ. ಎಲ್ಲವೂ ಸೇರಿದಾಗ, 1977ರ ಹೊತ್ತಿಗೆ 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎರಡು ವರ್ಷದವರೆಗೆ ಉರಿದ ಲೇಸರ್‌ಗಳನ್ನು ಬೆಲ್ ಪ್ರಯೋಗಾಲಯ ತೋರಿಸಿತು. ಸಾಮಾನ್ಯ ತಾಪಕ್ಕೆ ಲೆಕ್ಕ ಹಾಕಿದರೆ ಅದು ಹತ್ತು ಲಕ್ಷ ಗಂಟೆಯ ಆಯುಸ್ಸು, ನೂರು ವರ್ಷಕ್ಕಿಂತ ಹೆಚ್ಚು. ಏಳು ವರ್ಷದಲ್ಲಿ ನಿಮಿಷದಿಂದ ಶತಮಾನಕ್ಕೆ. ಈ ಕೆಲಸಕ್ಕೆ ನೊಬೆಲ್ ಬರಲಿಲ್ಲ. ಆದರೆ ಅದು ಆಗದೇ ಇದ್ದಿದ್ದರೆ ಮೇಲಿನ ಎರಡು ನೊಬೆಲ್‌ಗಳೂ ಬರುತ್ತಿರಲಿಲ್ಲ ಎಂದೇ ನಾನು ತಿಳಿದಿದ್ದೇನೆ.

ಲೇಸರ್ ಹೀಗೆ ಸಾಯುತ್ತಿದ್ದ ಕಾಲದಲ್ಲಿ ಕೈಹಿಡಿದದ್ದು ಎಲ್‌ಇಡಿ. ಅದಕ್ಕೆ ಕನ್ನಡಿ ಬೇಡ, ದಾಟಲೇಬೇಕಾದ ಕರೆಂಟಿನ ಹೊಸ್ತಿಲೂ ಇಲ್ಲ. ಎಲೆಕ್ಟ್ರಾನುಗಳು ತಮ್ಮಷ್ಟಕ್ಕೆ ತಾವು ಇಳಿದು ಬೆಳಕು ಕೊಡುತ್ತವೆ. ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಬರಸ್ ಅರೆವಾಹಕದಲ್ಲಿ ಸಣ್ಣ ಕುಳಿ ಕೊರೆದು ಫೈಬರ್ ತುದಿಯನ್ನು ಬೆಳಕಿನ ಬಾಯಿಗೇ ತಾಗಿಸಿದರು. ಆ ಡಯೋಡಿಗೆ ಇಂದಿಗೂ ಅವರ ಹೆಸರಿದೆ. ಆದರೆ ಎಲ್‌ಇಡಿ ಬೆಳಕು ಎಲ್ಲ ದಿಕ್ಕಿಗೂ ಹೋಗುತ್ತದೆ, ಫೈಬರ್ ಒಳಗೆ ಸೇರುವುದು ಅದರಲ್ಲಿ ಸ್ವಲ್ಪ. ಅದರ ಬಣ್ಣವೂ ಅಗಲ: 850ರಲ್ಲಿ ಹತ್ತಾರು ನ್ಯಾನೋಮೀಟರ್, 1300ರಲ್ಲಿ ನೂರರ ಹತ್ತಿರ. ಒಂದು ಕಟ್ಟಡದೊಳಗೆ, ಒಂದು ಕಾರ್ಖಾನೆಯ ಆವರಣದೊಳಗೆ ಅದು ಬಹುಕಾಲ ನಿಷ್ಠೆಯಿಂದ ದುಡಿಯಿತು. ದೂರಕ್ಕೆ ಆಗಲಿಲ್ಲ.

ಯಾಕೆ ಆಗಲಿಲ್ಲ ಎಂಬಲ್ಲಿ ಗಾಜಿನ ಎರಡನೇ ಬೇಡಿಕೆ ಬರುತ್ತದೆ. ಗಾಜಿನಲ್ಲಿ ಒಂದೊಂದು ಬಣ್ಣ ಒಂದೊಂದು ವೇಗದಲ್ಲಿ ಸಾಗುತ್ತದೆ. ಮಿಡಿತದೊಳಗೆ ಹಲವು ಬಣ್ಣಗಳಿದ್ದರೆ ದಾರಿಯಲ್ಲಿ ಅವು ಹಿಂದುಮುಂದಾಗಿ ಮಿಡಿತ ಅಗಲವಾಗುತ್ತದೆ, ಪಕ್ಕದ ಮಿಡಿತದ ಮೇಲೆ ಬೀಳುತ್ತದೆ. ಇದನ್ನು ಡಿಸ್ಪರ್ಷನ್ ಎನ್ನುತ್ತೇವೆ. ಸಾಮಾನ್ಯ ಒಂಟಿ ಪಥದ ಫೈಬರ್‌ನಲ್ಲಿ ಇದು 1310 ನ್ಯಾನೋಮೀಟರ್ ಹತ್ತಿರ ಸೊನ್ನೆಯಾಗುತ್ತದೆ; ನಷ್ಟವೂ ಅಲ್ಲಿ ಕಿಲೋಮೀಟರಿಗೆ 0.35 ಡೆಸಿಬೆಲ್ ಅಷ್ಟೆ. ಹಾಗಾಗಿ 1970ರ ದಶಕದ ಕೊನೆಗೆ ಗಾಜಿನ ಆಜ್ಞೆ ಸ್ಪಷ್ಟವಾಗಿತ್ತು: 850 ಬಿಟ್ಟು 1300ಕ್ಕೆ ಬನ್ನಿ. ಗ್ಯಾಲಿಯಂ ಆರ್ಸೆನೈಡ್ ಅಲ್ಲಿಗೆ ಬರಲಾರದು. ಹೊಸ ವಸ್ತು ಬೇಕಾಯಿತು. ಇಂಡಿಯಂ ಫಾಸ್ಫೈಡ್ ತಳದ ಮೇಲೆ ಇಂಡಿಯಂ, ಗ್ಯಾಲಿಯಂ, ಆರ್ಸೆನಿಕ್, ರಂಜಕ ನಾಲ್ಕನ್ನೂ ಬೆರೆಸಿದರೆ, ಜಾಲಕದ ಅಳತೆಯನ್ನು ಕಾಯ್ದುಕೊಂಡೇ ಬಣ್ಣವನ್ನು ಬೇಕಾದಲ್ಲಿಗೆ ತರಬಹುದು. ಮೂರು ಧಾತುಗಳ ಮಿಶ್ರಣದಲ್ಲಿ ಒಂದನ್ನು ಸರಿಪಡಿಸಿದರೆ ಇನ್ನೊಂದು ತಪ್ಪುತ್ತದೆ. ನಾಲ್ಕನೆಯದು ಬಂದಾಗ ಎರಡನ್ನೂ ಹಿಡಿಯಲು ಆಸ್ಪದ ಸಿಕ್ಕಿತು. 1976ರಲ್ಲಿ ಲಿಂಕನ್ ಪ್ರಯೋಗಾಲಯದ ಜಿಮ್ ಶೇ ಇಂಥ ಲೇಸರನ್ನು ಕೊಠಡಿ ತಾಪದಲ್ಲಿ ಸತತವಾಗಿ ಉರಿಸಿದರು. 1988ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ತಳದಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳನ್ನು ಬೆಸೆದ ಟ್ಯಾಟ್–8 ಎಂಬ ಮೊದಲ ಫೈಬರ್ ಕೇಬಲ್ ಕೆಲಸ ಮಾಡಿದ್ದು ಈ ವಸ್ತುವಿನ 1310ರ ಬೆಳಕಿನಲ್ಲಿ. ಒಂದು ಜೋಡಿ ಎಳೆಯಲ್ಲಿ ಸೆಕೆಂಡಿಗೆ 28 ಕೋಟಿ ಬಿಟ್‌ಗಳು. ಸಮುದ್ರದಡಿಯ ಪೆಟ್ಟಿಗೆಯೊಳಗಿನ ಲೇಸರ್ ಕೆಟ್ಟರೆ ಹಡಗು ಕಳಿಸಿ ಕೇಬಲ್ ಎತ್ತಬೇಕು. 25 ವರ್ಷ ಬಾಳಬೇಕು ಎಂಬ ಷರತ್ತನ್ನು ಒಪ್ಪಿ ಆ ಲೇಸರ್‌ಗಳನ್ನು ಕಡಲಿಗೆ ಇಳಿಸಿದ ಎಂಜಿನಿಯರುಗಳ ಧೈರ್ಯಕ್ಕೆ ಹಿಂದೆ ಹೇಳಿದ ಆ ಕಪ್ಪು ಗೆರೆಗಳ ಪಾಠವೇ ಆಧಾರ.

ಅಷ್ಟರಲ್ಲಿ ಗಾಜು ಇನ್ನೊಮ್ಮೆ ಕರೆಯಿತು. ಅತಿ ಕಡಿಮೆ ನಷ್ಟ ಇರುವುದು 1550ರಲ್ಲಿ. ಆದರೆ ಅಲ್ಲಿ ಡಿಸ್ಪರ್ಷನ್ ಸೊನ್ನೆಯಲ್ಲ. ಒಂದು ನ್ಯಾನೋಮೀಟರ್ ಅಗಲದ ಬಣ್ಣ ಒಂದು ಕಿಲೋಮೀಟರಿಗೆ ಸುಮಾರು 17 ಪಿಕೋಸೆಕೆಂಡ್ ಹರಡುತ್ತದೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ನನ್ನ ಜೊತೆ ಹಾಕಲಿ. ಎರಡು ತುದಿಯ ಕನ್ನಡಿಗಳಿರುವ ಸಾಮಾನ್ಯ ಲೇಸರ್ ಒಂದೇ ಬಣ್ಣ ಕೊಡುವುದಿಲ್ಲ, ಅಕ್ಕಪಕ್ಕದ ಹಲವು ಗೆರೆಗಳನ್ನು ಕೊಡುತ್ತದೆ. ಒಟ್ಟು ಅಗಲ 3 ನ್ಯಾನೋಮೀಟರ್ ಎನ್ನಿ. ನೂರು ಕಿಲೋಮೀಟರ್ ಸಾಗುವಷ್ಟರಲ್ಲಿ ಹರಡುವುದು 17 ಗುಣಿಲೆ 3 ಗುಣಿಲೆ 100, ಅಂದರೆ 5,100 ಪಿಕೋಸೆಕೆಂಡ್. ಸೆಕೆಂಡಿಗೆ 2.5 ಗಿಗಾಬಿಟ್ ವೇಗದಲ್ಲಿ ಒಂದು ಬಿಟ್ಟಿನ ಅವಧಿ 400 ಪಿಕೋಸೆಕೆಂಡ್. ಹನ್ನೆರಡಕ್ಕೂ ಹೆಚ್ಚು ಬಿಟ್‌ಗಳು ಒಂದರ ಮೇಲೊಂದು ಬಿದ್ದು ಸಂದೇಶ ಕಲಸಿಹೋಗುತ್ತದೆ. ಅಗಲ 0.1 ನ್ಯಾನೋಮೀಟರಿಗೆ ಇಳಿದರೆ ಹರಡುವುದು 170 ಪಿಕೋಸೆಕೆಂಡ್, ಬಿಟ್ ಬದುಕುತ್ತದೆ. ಆದ್ದರಿಂದ ಬೇಕಾದದ್ದು ಒಂದೇ ಗೆರೆ ಕೊಡುವ ಲೇಸರ್. ಸುಮ್ಮನೆ ಉರಿಯುವಾಗ ಮಾತ್ರವಲ್ಲ, ವೇಗವಾಗಿ ಮಿಡಿಯುವಾಗಲೂ ಗೆರೆ ಒಂದೇ ಇರಬೇಕು.

ಟೋಕಿಯೊ ತಂತ್ರಜ್ಞಾನ ಸಂಸ್ಥೆಯ ಯಾಸುಹಾರು ಸುಯೆಮಾತ್ಸು ಅವರನ್ನು ಇಲ್ಲಿ ನೆನೆಯಬೇಕು. 1550ರ ಕಡೆಗೇ ಹೋಗಬೇಕು, ಅದಕ್ಕೆ ಮಿಡಿಯುವಾಗಲೂ ಒಂಟಿ ಗೆರೆಯ ಲೇಸರ್ ಬೇಕೇಬೇಕು ಎಂದು ಅವರು ವರ್ಷಗಟ್ಟಲೆ ಹಿಡಿದ ಹಟ ಬಿಡದೆ ಕೆಲಸ ಮಾಡಿ, 1981ರ ಹೊತ್ತಿಗೆ ಕೊಠಡಿ ತಾಪದಲ್ಲಿ ಸಾಧಿಸಿದರು. ಇದರ ಬೇರು ಬೆಲ್ ಪ್ರಯೋಗಾಲಯದ ಕೋಗೆಲ್ನಿಕ್ ಮತ್ತು ಶ್ಯಾಂಕ್ 1970ರ ದಶಕದ ಆರಂಭದಲ್ಲಿ ತೋರಿಸಿದ ಉಪಾಯದಲ್ಲಿದೆ: ಕನ್ನಡಿಯನ್ನು ತುದಿಯಲ್ಲಿ ಇಡುವ ಬದಲು ಲೇಸರಿನ ಉದ್ದಕ್ಕೂ ಸಣ್ಣ ಏರುತಗ್ಗುಗಳ ಜಾಲರಿಯಾಗಿ ಹರಡುವುದು. 1550ಕ್ಕೆ ಆ ಏರುತಗ್ಗಿನ ಅಂತರ ಸುಮಾರು 240 ನ್ಯಾನೋಮೀಟರ್. ಆ ಅಂತರಕ್ಕೆ ಹೊಂದುವ ಬಣ್ಣ ಮಾತ್ರ ಬೆಳೆಯುತ್ತದೆ. ಜಾಲರಿ ಪೂರ್ತಿ ಏಕರೂಪವಾಗಿದ್ದರೆ ಎರಡು ಗೆರೆಗಳು ಸಮಸಮವಾಗಿ ಪೈಪೋಟಿ ಮಾಡುತ್ತವೆ. ನಡುವೆ ಕಾಲು ಅಲೆಯಷ್ಟು ಸರಿಸಿದರೆ ಒಂದೇ ಗೆಲ್ಲುತ್ತದೆ. ಡಿಎಫ್‌ಬಿ ಎಂದು ನಾವು ಕರೆಯುವ ಈ ಲೇಸರ್ ದೂರದ ಮಾರ್ಗಗಳ ಬೆನ್ನೆಲುಬಾಯಿತು. ಸುಯೆಮಾತ್ಸು ಅವರಿಗೆ 2014ರಲ್ಲಿ ಜಪಾನ್ ಪ್ರಶಸ್ತಿ ಬಂತು.

ಒಂಟಿ ಗೆರೆ ಕೈಗೆ ಬಂದ ಮೇಲೆ ಒಂದೇ ಎಳೆಯಲ್ಲಿ ಹಲವು ಗೆರೆ ಹರಿಸುವ ಆಸೆ ಸಹಜ. ಸಾಮಾನ್ಯವಾಗಿ ಬಳಸುವ 100 ಗಿಗಾಹರ್ಟ್ಸ್ ಅಂತರ ಎಂದರೆ ಗೆರೆಗೂ ಗೆರೆಗೂ 0.8 ನ್ಯಾನೋಮೀಟರ್. ಡಿಎಫ್‌ಬಿ ಲೇಸರಿನ ಬಣ್ಣ ಒಂದು ಡಿಗ್ರಿ ಬಿಸಿಗೆ 0.1 ನ್ಯಾನೋಮೀಟರ್ ಸರಿಯುತ್ತದೆ. ಎಂಟು ಡಿಗ್ರಿ ಏರಿದರೆ ಪಕ್ಕದವರ ಜಾಗಕ್ಕೆ ಹೋಗಿ ಕೂತಿರುತ್ತದೆ. ಅದಕ್ಕೇ ಇಂಥ ಲೇಸರಿನಡಿ ಪೆಲ್ಟಿಯೆ ಶೀತಕವೊಂದು ಸದಾ ತಾಪ ಕಾಯುತ್ತಿರುತ್ತದೆ.

ಈ ಎಲ್ಲ ಗೆರೆಗಳನ್ನೂ ಒಟ್ಟಿಗೆ ವರ್ಧಿಸುವ ಎರ್ಬಿಯಂ ಫೈಬರ್ ವರ್ಧಕ 1987ರಲ್ಲಿ ಸೌತಾಂಪ್ಟನ್‌ನ ಡೇವಿಡ್ ಪೇನ್ ತಂಡದಿಂದ, ಬೆಲ್ ಪ್ರಯೋಗಾಲಯದ ಇಮ್ಯಾನುಯೆಲ್ ಡೆಸರ್ವಿರ್ ತಂಡದಿಂದ ಬಂತು. ಅದು 1550ರ ಸುತ್ತಲಿನ ಬೆಳಕನ್ನೇ ವರ್ಧಿಸುತ್ತದೆ. ಗಾಜಿಗೆ ಬೇಕಾದ ಬಣ್ಣ, ಎರ್ಬಿಯಂ ಧಾತುವಿಗೆ ಬರುವ ಬಣ್ಣ ಎರಡೂ ಒಂದೇ ಆದವು. ಆದರೆ ಎರ್ಬಿಯಂಗೆ ಉಣಿಸಲಿಕ್ಕೂ ಬೆಳಕೇ ಬೇಕು: 980 ಅಥವಾ 1480 ನ್ಯಾನೋಮೀಟರಿನ ಪಂಪ್ ಲೇಸರ್. ಸಂದೇಶದ ಒಂದಕ್ಷರವನ್ನೂ ಹೊರದ ದೀಪ ಇದು, ಇಡೀ ಮಾರ್ಗಕ್ಕೆ ಶಕ್ತಿ ಕೊಡುವುದು ಇದೇ. 980ರ ಲೇಸರಿನಲ್ಲಿ ಜಾಲಕ ಹೊಂದದ ವಸ್ತುವನ್ನು ಬೇಕೆಂತಲೇ ಅತಿ ತೆಳು ಪದರವಾಗಿ ಇಡುತ್ತಾರೆ. ಸಾಕಷ್ಟು ತೆಳುವಾಗಿದ್ದರೆ ಹರಳು ಒಡೆಯದೆ ಬಿಗಿದುಕೊಂಡು ನಿಲ್ಲುತ್ತದೆ, ಆ ಬಿಗಿತದಿಂದ ಲೇಸರಿನ ಗುಣವೂ ಹೆಚ್ಚುತ್ತದೆ. ಆಲ್ಫೆರೊವ್ ಕಾಲದಲ್ಲಿ ಶತ್ರುವಾಗಿದ್ದದ್ದು ಇಲ್ಲಿ ಕೆಲಸಕ್ಕೆ ಬಂತು.

ಇನ್ನೊಂದು ಬಗೆಯ ವರ್ಧಕಕ್ಕೆ ನಮ್ಮ ಬೆಂಗಳೂರಿನಲ್ಲೇ ಬಾಳಿದ ಒಬ್ಬರ ಹೆಸರಿದೆ. ಸಿ. ವಿ. ರಾಮನ್ 1928ರಲ್ಲಿ ಕಲ್ಕತ್ತೆಯಲ್ಲಿ ಕಂಡ ಚದರಿಕೆಯನ್ನೇ ಬಳಸಿ, ಸುಮಾರು 100 ನ್ಯಾನೋಮೀಟರ್ ಕಡಿಮೆ ಅಲೆಯುದ್ದದ ಪಂಪ್ ಲೇಸರನ್ನು ಫೈಬರ್‌ಗೆ ಹಾಯಿಸಿದರೆ, ಮಾರ್ಗದ ಗಾಜೇ ವರ್ಧಕವಾಗುತ್ತದೆ. 1450ರಲ್ಲಿ ಉಣಿಸಿದರೆ 1550ರಲ್ಲಿ ಫಲ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು, 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು, 1970ರ ನವೆಂಬರಿನಲ್ಲಿ ಇಲ್ಲಿಯೇ ತೀರಿಕೊಂಡರು. ಇವತ್ತು ದೂರದ ಮಾರ್ಗಗಳನ್ನು ನೋಡಿಕೊಳ್ಳುವ ಎಂಜಿನಿಯರುಗಳು ಆ ಹೆಸರನ್ನು ದಿನನಿತ್ಯ ಒಂದು ಉಪಕರಣದ ಹೆಸರಾಗಿ ಹೇಳುತ್ತಾರೆ. ವಿಜ್ಞಾನಿಗೆ ಇದಕ್ಕಿಂತ ದೊಡ್ಡ ಗೌರವ ಬೇಕೆ?

ನಮ್ಮ ಮನೆಗಳಿಗೂ ಗ್ರಾಮ ಪಂಚಾಯಿತಿಗಳಿಗೂ ಬಂದಿರುವ ಲೇಸರಿನ ಮಾತಿಗೆ ಬರುತ್ತೇನೆ. ಹಳ್ಳಿ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು, ಭಾರತ್‌ನೆಟ್ ಎಂಬ ಹೆಸರು ಆಮೇಲೆ ಬಂತು. ಅದರಲ್ಲೂ ನಗರದ ಮನೆಗಳಲ್ಲೂ ಬಳಸುವ ಜಿಪಾನ್ ವ್ಯವಸ್ಥೆಯಲ್ಲಿ ಒಂದೇ ಎಳೆ ಕವಲಾಗಿ 32 ಅಥವಾ 64 ಕಡೆ ಹೋಗುತ್ತದೆ. ಕೇಂದ್ರದಿಂದ ಮನೆಗೆ 1490, ಮನೆಯಿಂದ ಕೇಂದ್ರಕ್ಕೆ 1310. ಈ ಹಂಚಿಕೆಯ ಹಿಂದೆ ಒಳ್ಳೆಯ ಯೋಚನೆಯಿದೆ. ಕೇಂದ್ರದ ಲೇಸರ್ ಒಂದೇ, ಅದರ ಖರ್ಚು ಎಲ್ಲರಲ್ಲಿ ಹಂಚಿಹೋಗುತ್ತದೆ. ಮನೆಯ ಲೇಸರ್ ಮನೆಗೊಂದು ಬೇಕು, ಅಗ್ಗವಾಗಿರಬೇಕು, ಶೀತಕ ಇರಕೂಡದು. ಡಿಸ್ಪರ್ಷನ್ ಸೊನ್ನೆಯಿರುವ 1310ರಲ್ಲಿ ಬಣ್ಣ ಸ್ವಲ್ಪ ಸರಿದರೂ ನಡೆಯುತ್ತದೆ, ಹಾಗಾಗಿ ಅಗ್ಗದ್ದಕ್ಕೆ ಆ ಜಾಗ. ಈ ಪುಟ್ಟ ಲೇಸರಿಗೆ ಇನ್ನೊಂದು ಶಿಸ್ತೂ ಇದೆ. ತನ್ನ ಸರದಿ ಬರುವವರೆಗೆ ಅದು ಪೂರ್ತಿ ಆರಿರಬೇಕು. ಬಂದಾಗ ಕೆಲವು ಹತ್ತು ನ್ಯಾನೋಸೆಕೆಂಡುಗಳೊಳಗೆ ಬೆಳಗಿ, ಹೇಳುವುದನ್ನು ಹೇಳಿ ಆರಬೇಕು. ಒಂದು ಮನೆಯ ಲೇಸರ್ ಕೆಟ್ಟು ಸದಾ ಉರಿಯುತ್ತಲೇ ಉಳಿದರೆ ಆ ಕವಲಿನ ಎಲ್ಲ ಮನೆಗಳ ಸಂಪರ್ಕವೂ ಹೋಗುತ್ತದೆ.

ಈ ಪುಟ್ಟ ಲೇಸರಿನ ಶತ್ರು ಬಿಸಿಲು. ಲೇಸರ್ ಆಗಲು ಬೇಕಾದ ಕನಿಷ್ಠ ಕರೆಂಟು ತಾಪದ ಜೊತೆ ಘಾತೀಯವಾಗಿ ಏರುತ್ತದೆ. ಇಂಡಿಯಂ ಫಾಸ್ಫೈಡ್ ವರ್ಗದ ಲೇಸರ್ 25 ಡಿಗ್ರಿಯಿಂದ 70 ಡಿಗ್ರಿಗೆ ಹೋದರೆ ಆ ಕರೆಂಟು ಇಮ್ಮಡಿಯ ಆಸುಪಾಸಿಗೆ ಬರುತ್ತದೆ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಹೊರಗೇ ನಲವತ್ತು ದಾಟಿರುವಾಗ, ಗಾಳಿಯಾಡದ ತಗಡಿನ ಪೆಟ್ಟಿಗೆಯೊಳಗಿನ ಸ್ಥಿತಿ ಹೇಳಬೇಕಾಗಿಲ್ಲ. ಪೆಟ್ಟಿಗೆಗೆ ನೆರಳು, ಗಾಳಿ ಒದಗಿಸುವುದು ಬಹಳ ಸಣ್ಣ ಕೆಲಸ ಎಂದು ಗುತ್ತಿಗೆಯಲ್ಲಿ ಕಡೆಗಣಿಸಬಾರದು ಎಂದು ಈ ವೇದಿಕೆಯಿಂದ ಕೈಮುಗಿದು ಕೇಳುತ್ತೇನೆ.

ಕೇಳಬೇಕಾದ ಇನ್ನೊಂದು ಮಾತಿದೆ. ಫೈಬರ್ ಎಳೆಯುವ ಕಾರ್ಖಾನೆಗಳು ನಮ್ಮ ದೇಶದಲ್ಲಿವೆ. ಬೆಂಗಳೂರಿನಲ್ಲಿ 1948ರಿಂದ ಐಟಿಐ ಇದೆ. 2000ದಲ್ಲಿ ಶುರುವಾದ ತೇಜಸ್ ನೆಟ್‌ವರ್ಕ್ಸ್ ಆಪ್ಟಿಕಲ್ ಉಪಕರಣಗಳನ್ನು ಇಲ್ಲೇ ವಿನ್ಯಾಸ ಮಾಡುತ್ತದೆ. ಆದರೆ ಆ ಉಪಕರಣಗಳ ಹೃದಯವಾದ ಲೇಸರ್ ಚಿಪ್ಪು ಬಹುಪಾಲು ಹೊರಗಿನಿಂದ ಬರುತ್ತದೆ. ವಿಷಾನಿಲಗಳನ್ನು ಸುರಕ್ಷಿತವಾಗಿ ಬಳಸಿ ಪರಮಾಣು ಮಟ್ಟದ ಪದರ ಬೆಳೆಸುವ ಕೆಲಸ ಅದು. ಪುಸ್ತಕದಿಂದ ಬರುವುದಿಲ್ಲ, ಕುಲುಮೆಯ ಪಕ್ಕ ವರ್ಷಗಟ್ಟಲೆ ನಿಂತು ಬರುತ್ತದೆ. ಸಿಲಿಕಾನ್ ಕಾರ್ಖಾನೆಗಳ ಬಗ್ಗೆ ಇಷ್ಟೆಲ್ಲ ಮಾತಾಡುತ್ತಿರುವಾಗ ಇಂಡಿಯಂ ಫಾಸ್ಫೈಡ್ ಬಗ್ಗೆಯೂ ಮಾತು ಏಳಬೇಕು ಎಂಬುದು ನನ್ನ ಗಾಢವಾದ ಅಭಿಪ್ರಾಯ.

ಕೊನೆಗೆ ಈಗ ನಡೆಯುತ್ತಿರುವುದನ್ನು ಹೇಳಿ ಮುಗಿಸುತ್ತೇನೆ. ದೂರದ ಮಾರ್ಗಗಳಲ್ಲಿ ಲೇಸರ್ ಈಗ ಮಿಡಿಯುವುದೇ ಇಲ್ಲ. ಅದು ಸ್ಥಿರವಾಗಿ ಉರಿಯುತ್ತದೆ, ಹೊರಗಿನ ಮಾಡ್ಯುಲೇಟರ್ ಅಲೆಯ ಹಂತ ಮತ್ತು ಧ್ರುವೀಕರಣದಲ್ಲಿ ಸಂದೇಶ ಬರೆಯುತ್ತದೆ. ಅದನ್ನು ಓದಲು ಸ್ವೀಕರಿಸುವ ತುದಿಯಲ್ಲೂ ಅಷ್ಟೇ ಶುದ್ಧವಾದ ಇನ್ನೊಂದು ಲೇಸರ್ ಬೇಕು. ದೀಪ ಎರಡೂ ತುದಿಗೆ ಬಂತು. ಡೇಟಾ ಸೆಂಟರ್‌ಗಳೊಳಗಿನ ಕೆಲವು ಹತ್ತು ಮೀಟರ್‌ಗಳ ದಾರಿಯನ್ನು ಕೆನಿಚಿ ಇಗಾ 1977ರಲ್ಲಿ ಯೋಚಿಸಿದ ವಿಕ್ಸೆಲ್ ನೋಡಿಕೊಳ್ಳುತ್ತಿದೆ. ಚಿಪ್ಪಿನ ಮೇಲ್ಮುಖದಿಂದ ಬೆಳಕು ಬರುವ ಆ ಲೇಸರ್‌ಗಳನ್ನು ಹರಳಿನ ತಟ್ಟೆಯ ಮೇಲೆ ಇರುವಾಗಲೇ ಸಾವಿರಗಟ್ಟಲೆ ಪರೀಕ್ಷಿಸಬಹುದು. ಹಾಗೆಯೇ 850 ನ್ಯಾನೋಮೀಟರ್ ಮತ್ತೆ ಬದುಕಿತು.

ಇನ್ನು ಡೇಟಾ ಸೆಂಟರ್‌ಗಳ ಸ್ವಿಚ್ ಚಿಪ್ಪುಗಳ ಪಕ್ಕಕ್ಕೇ ಬೆಳಕನ್ನು ತರುವ ಪ್ರಯತ್ನ ನಡೆದಿದೆ. ಸಿಲಿಕಾನಿನಲ್ಲಿ ಬೆಳಕಿನ ದಾರಿ, ಮಾಡ್ಯುಲೇಟರ್, ಪತ್ತೆಕಾರಕ ಎಲ್ಲವನ್ನೂ ಕೆತ್ತಬಹುದು, ದೀಪವೊಂದನ್ನು ಬಿಟ್ಟು. 2006ರಲ್ಲಿ ಇಂಟೆಲ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಶಾಖೆಯವರು ಇಂಡಿಯಂ ಫಾಸ್ಫೈಡ್ ಪದರವನ್ನು ಸಿಲಿಕಾನ್ ಮೇಲೆಯೇ ಅಂಟಿಸಿ ಲೇಸರ್ ಮಾಡಿದರು. ಆ ದಾರಿಯಲ್ಲಿ ಕೆಲಸ ಸಾಗಿದೆ. ಆದರೂ ಸ್ವಿಚ್ ಚಿಪ್ಪಿನ ಬಿಸಿಯ ಪಕ್ಕ ಲೇಸರ್ ಇಡಲು ಹಲವು ವಿನ್ಯಾಸಕಾರರು ಇನ್ನೂ ಒಪ್ಪುತ್ತಿಲ್ಲ. ಅವರು ದೀಪವನ್ನು ಯಂತ್ರದ ಮುಂಭಾಗಕ್ಕೆ, ತಂಪಾದ ಜಾಗಕ್ಕೆ ತಂದು, ಅಲ್ಲಿಂದ ಬೆಳಕನ್ನು ಫೈಬರ್ ಮೂಲಕ ಚಿಪ್ಪಿನ ಬಳಿಗೆ ಒಯ್ಯುತ್ತಾರೆ. ಉಳಿದೆಲ್ಲ ಭಾಗಗಳನ್ನು ಬೆಸೆದು ಮುಚ್ಚಿದರೂ ಲೇಸರಿನ ಪೆಟ್ಟಿಗೆಯನ್ನು ಮಾತ್ರ ಕೈಯಿಂದ ಎಳೆದು ಬದಲಿಸುವ ಹಾಗೆ ಇಡುತ್ತಾರೆ, ಯಾಕೆಂದರೆ ಮೊದಲು ಮುಪ್ಪಾಗುವುದು ಇವತ್ತಿಗೂ ಅದೇ.